ಕಂಬಿ ಹಿಡಿಯದ ಗುಲಾಬಿ ಅತ್ತಿಗೆ

ಗುಲಾಬಿ ಅತ್ತಿಗೆ ಬಸ್ಸಿನಲ್ಲಿ ಕಂಬಿ ಹಿಡಿಯುತ್ತಿರಲಿಲ್ಲ. ಸೀಟು ಸಿಗದ ದಿನ ಬಸ್ಸಿನ ನಡುವೆ, ಬ್ಯಾಗನ್ನು ಹೆಗಲಿಗೆ ಅಡ್ಡ ಹಾಕಿ, ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡು, ಕಾಲು ಕೊಂಚ ಅಗಲಿಸಿ ನಿಲ್ಲುವರು. ಬೈಂದೂರು–ಕುಂದಾಪುರ ದಾರಿಯಲ್ಲಿ ಒಮ್ಮೆ ಹೋದವರಿಗೂ ನಮ್ಮ ಕಡೆಯ ಬಸ್ಸುಗಳ ಓಟ ಗೊತ್ತು. ಹಿಂದಿನ ಬಸ್ಸು ಕನ್ನಡಿಯಲ್ಲಿ ಕಾಣಿಸಿದರೆ ಸಾಕು, ಮುಂದಿನದಕ್ಕೆ ಮೈಮೇಲೆ ಬರುತ್ತದೆ. ಬ್ರೇಕು ಬಿದ್ದಾಗ ನಿಂತವರೆಲ್ಲ ಒಬ್ಬರ ಮೇಲೊಬ್ಬರು ಹೋಗಿ ಬೀಳುವಾಗ ಅತ್ತಿಗೆ ಮಾತ್ರ ಸೊಂಟದಿಂದ ಮೇಲೆ ಸ್ವಲ್ಪ ಬಾಗಿ, ಏನೂ ಆಗದವರಂತೆ ನೆಟ್ಟಗಾಗುವರು. ಕೆನ್ನೆಯಲ್ಲಿ ಒಂದು ಸಣ್ಣ ನಗು. ಅದು ನನಗೆ ಕಾಣುತ್ತಿತ್ತು.

ನನ್ನ ಮದುವೆಯಾದ ಹೊಸತರಲ್ಲಿ ಅತ್ತಿಗೆ ನನ್ನನ್ನು ಕುಂದಾಪುರದ ಜವಳಿ ಅಂಗಡಿಗೆ ಕರೆದುಕೊಂಡು ಹೊರಟಿದ್ದರು. ತಲ್ಲೂರಿನ ಹತ್ತಿರ ದನವೊಂದು ಅಡ್ಡ ಬಂತು. ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ ನಾನು ಹೊಸ ಸೀರೆಯ ಸಮೇತ ಯಾರೋ ಒಬ್ಬ ಹೆಂಗಸಿನ ಮಡಿಲಿಗೆ ಹೋಗಿ ಕೂತೆ. ಬಸ್ಸೆಲ್ಲ ನೋಡಿತು. ಅತ್ತಿಗೆ ನನ್ನ ರಟ್ಟೆ ಹಿಡಿದು ಎಬ್ಬಿಸುತ್ತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಬ್ರೇಕ್ ಹಾಕಿದ್ದ್ ಬಸ್ಸಿಗೆ ಮಾರಾಯ್ತಿ, ನಿಂಗ್ ಯಾರೂ ಹಾಕ್ಲಿಲ್ಲೆ. ನೀನ್ ನಿನ್ನ ಪಾಡಿಗ್ ಹೋಯ್ತಾ ಇದ್ದೆ, ಅಷ್ಟೇ. ತಪ್ಪ್ ನಿಂದಲ್ಲ, ಜಡತ್ವದ್ದ್."

ಕಂಡಕ್ಟರು ನಕ್ಕ. "ನಮ್ಮ್ ಬಸ್ಸಗೆ ದಿನಾ ಪಾಠ ಇತ್ತ್ ಟೀಚರೇ, ನಿಮ್ಗ್ ಟಿಕೆಟ್ ಹರಿಯುಕೆ ನಾಚ್ಕಿ ಆತ್ತ್" ಎಂದ. ನಾನೂ ನಕ್ಕೆ. ಆದರೆ ಒಳಗೆ ಏನೋ ಚುಚ್ಚಿತು. ಆ ನಿಲುವು ನನಗೆ ಬೇಕಿತ್ತು. ಬಸ್ಸಿನಲ್ಲೂ, ಹೊಸದಾಗಿ ಕಾಲಿಟ್ಟ ಆ ಮನೆಯಲ್ಲೂ.

ಅತ್ತಿಗೆ ನನ್ನ ಗಂಡ ಸುಧಾಕರರ ಅಕ್ಕ. ಮದುವೆಯಾಗಲಿಲ್ಲ. ಬೈಂದೂರಿನ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದರು, ಹೆಮ್ಮಾಡಿಯಲ್ಲಿ ನಮ್ಮ ಜೊತೆಗೇ ಇದ್ದರು. ಮೀನು ವ್ಯಾಪಾರದ ಮನೆತನ. ಇವರಿಗೆ, ನನ್ನ ಗಂಡನಿಗೆ, ಗಂಗೊಳ್ಳಿ ಬಂದರಿನಲ್ಲಿ ಬಲೆ, ಹಗ್ಗ, ಸೀಸದ ಗುಂಡು ಮಾರುವ ಅಂಗಡಿ. ಆ ಮನೆಯಲ್ಲಿ ಮೊದಲು ಕಾಲೇಜಿಗೆ ಹೋದವರು ಅತ್ತಿಗೆ. ಸೆರಗಿನ ತುದಿಯಲ್ಲಿ ಸದಾ ಸೀಮೆಸುಣ್ಣದ ಹುಡಿ. ಬಲಗಾಲಿನ ಚಪ್ಪಲಿಯ ಪಟ್ಟಿಗೆ ವರ್ಷಗಟ್ಟಲೆ ಒಂದು ಸೇಫ್ಟಿ ಪಿನ್ನು. ಸೀರೆಯ ನೆರಿಗೆ ಒಂದೂ ಸಮ ಇರುತ್ತಿರಲಿಲ್ಲ. ಆದರೂ ಅವರು ಜಗಲಿಗೆ ಬಂದರೆ ಕೂತವರು ಸರಿದು ಜಾಗ ಮಾಡುತ್ತಿದ್ದರು. ನನ್ನ ನೆರಿಗೆ ಯಾವಾಗಲೂ ಸಮವಾಗಿರುತ್ತಿತ್ತು. ಅದಕ್ಕೆ ಯಾರೂ ಜಾಗ ಬಿಟ್ಟದ್ದು ನೆನಪಿಲ್ಲ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ನಮಗೆ ಮೆಲ್ಲಗೆ ಮಾತಾಡಲು, ಕರವಸ್ತ್ರದ ಅಂಚಿಗೆ ಹೂ ಹಾಕಲು, ಬೇರೆಯವರ ಏಳಿಗೆ ಕಂಡು ಸಂತೋಷಪಡಲು ಕಲಿಸಿದರು. ಮೊದಲಿನ ಎರಡು ಚೆನ್ನಾಗಿಯೇ ಬಂತು.

ಮಗಳು ಪ್ರಣತಿ ಹುಟ್ಟಿದ ಮೇಲೆ ಕೆಲವು ವರ್ಷ ನನ್ನ ಹೊಟ್ಟೆಕಿಚ್ಚಿಗೆ ಪುರುಸೊತ್ತಿರಲಿಲ್ಲ. ಮಗು ನನ್ನದು, ನನ್ನ ಸೆರಗು ಬಿಟ್ಟು ಹೋಗುತ್ತಿರಲಿಲ್ಲ. ಒಂದು ಸಂಜೆ ಜಗಲಿಯಲ್ಲಿ ಕೂರಿಸಿ ಊಟ ಮಾಡಿಸುತ್ತಿದ್ದೆ. ತೆಂಗಿನ ಗರಿಗಳ ಮೇಲೆ ಚಂದ್ರ ಬಂದಿದ್ದ.

"ಅಮ್ಮ, ಚಂದ್ರ ಎಂತಕೆ ಬೀಳುದಿಲ್ಲೆ?"

"ದೇವ್ರ್ ಅಲ್ಲ್ ಇಟ್ಟಿರ್ ಮಗಾ. ಬಾಯಿ ಬಿಡ್."

ಒಳಗೆ ಉತ್ತರ ಪತ್ರಿಕೆ ತಿದ್ದುತ್ತಿದ್ದ ಅತ್ತಿಗೆ ಎದ್ದೇ ಬಂದರು. "ಯಾರ್ ಹೇಳಿದ್ದ್ ಬೀಳುದಿಲ್ಲೆ ಅಂದೇಳಿ? ಬೀಳ್ತಾ ಇತ್ತ್. ಈಗಲೂ ಬೀಳ್ತಾ ಇತ್ತ್. ಕಾಣ್."

ಮಗುವಿನ ಬಾಯಲ್ಲಿದ್ದ ತುತ್ತು ಹಾಗೇ ನಿಂತಿತು. ಅತ್ತಿಗೆ ಉಪ್ಪಿನಕಾಯಿಗೆಂದು ನಾನು ಆರಿಸಿ ಒರೆಸಿ ಇಟ್ಟ ನಿಂಬೆಹಣ್ಣಿನ ಬುಟ್ಟಿಯನ್ನೇ ಎತ್ತಿ ತಂದರು. ಮೆಟ್ಟಿಲ ಮೇಲೆ ನಿಂತು ಒಂದನ್ನು ಮೆಲ್ಲಗೆ ಎಸೆದರು, ಅಂಗಳದಲ್ಲೇ ಬಿತ್ತು. ಇನ್ನೊಂದನ್ನು ಜೋರಾಗಿ ಎಸೆದರು, ತುಳಸಿಕಟ್ಟೆ ದಾಟಿತು. ಮತ್ತೊಂದು ಗೇಟು ದಾಟಿ ರಸ್ತೆಗೆ ಹೋಯಿತು.

"ಇನ್ನೂ ಜೋರ್ ಬಿಸಾಡ್ರೆ ಗಂಗೊಳ್ಳಿ ದಾಟತ್ತ್. ಅದಕ್ಕಿಂತ ಜೋರ್ ಬಿಸಾಡ್ರೆ ಸಮುದ್ರ ದಾಟತ್ತ್. ಭೂಮಿ ಉರುಟ್ ಅಲ್ದಾ? ನಿಂಬೆಹಣ್ಣ್ ಕೆಳಗೆ ಬೀಳ್ತಾ ಬೀಳ್ತಾ ಹೋಪತಿಗೆ ನೆಲವೂ ಕೆಳಗ್ ಕೆಳಗ್ ಬಗ್ಗತ್ತ್. ಬೀಳುದ್ ಮುಗಿಯುದೇ ಇಲ್ಲೆ. ಚಂದ್ರಂದೂ ಅದೇ ಕಥೆ. ಭೂಮಿ ಎಳಿತಾ ಇತ್ತ್, ಹಾಂಗಾಯಿ ಬೀಳ್ತಾ ಇತ್ತ್. ಬದಿಗೂ ಓಡ್ತಾ ಇತ್ತ್, ಹಾಂಗಾಯಿ ನೆಲ ಸಿಕ್ಕುದಿಲ್ಲೆ."

"ಇನ್ನೊಂದ್ ಬಿಸಾಡ್ ಅತ್ತೆ!"

ಬುಟ್ಟಿ ಖಾಲಿಯಾಯಿತು. ಅನ್ನ ತಣ್ಣಗಾಯಿತು. ನಾನು ಟಾರ್ಚು ಹಿಡಿದು ಅಂಗಳದಲ್ಲಿ ನಿಂಬೆಹಣ್ಣು ಹೆಕ್ಕುತ್ತಿದ್ದಾಗ ಮೆಟ್ಟಿಲ ಮೇಲೆ ಅವರಿಬ್ಬರೂ ಒಬ್ಬರಿಗೊಬ್ಬರು ಒರಗಿ, ಬೀಳುತ್ತಿರುವ ಚಂದ್ರನನ್ನು ನೋಡುತ್ತ ಕೂತಿದ್ದರು. ನನ್ನ ಮಗಳು ಬೇರೆಯವರ ತೋಳಿಗೆ ಹಾಗೆ ಒರಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆಮೇಲೆ ಮನೆಯಲ್ಲಿ ಪ್ರಶ್ನೆಗಳೆಲ್ಲ ಅತ್ತಿಗೆಗೆ. ನನಗೆ ಉಳಿದದ್ದು ಹಸಿವು, ಜ್ವರ ಮತ್ತು ಸಾಕ್ಸು.

ಇವರು ಕೂಡ ಹಾಗೇ. ಗ್ಯಾಸ್ ಸ್ಟವ್ವಿನ ಪೈಪು ಬದಲಾಯಿಸಿ ಎಂದು ನಾನು ತಿಂಗಳುಗಟ್ಟಲೆ ಹೇಳಿದರೂ "ಕಾಂಬ" ಎನ್ನುವವರು ಅಕ್ಕ ಮಾತಾಡಿದರೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಕೇಳುತ್ತಿದ್ದರು. ಒಮ್ಮೆ ಕೇಳಿದರು, "ಅಲ್ಲ ಅಕ್ಕ, ಸೂರ್ಯ ಎಳಿತ್ತ್, ಒಪ್ಪಿದೆ. ಮುಂದಕ್ಕೆ ದೂಡುದ್ ಯಾರ್? ಡೀಸೆಲ್ ಇಲ್ದೆ ಭೂಮಿ ಇಷ್ಟ್ ವರ್ಷ ಹ್ಯಾಂಗ್ ಓಡ್ತ್?"

"ನೀನ್ ದಿನಾ ಬಂದರ್ ದಕ್ಕೆಯಂಗೆ ಕೂಕಂತೆ. ಬೋಟ್ ಬಂದ್ ದಕ್ಕೆಗ್ ತಾಗುವತಿಗೆ ಇಂಜಿನ್ ಇರತ್ತಾ?"

"ಇಲ್ಲೆ. ಮೊದ್ಲೇ ಬಂದ್ ಮಾಡ್ತ್ರ್. ಅದ್ರ ಓಟದಗೇ ಬತ್ತ್."

"ನೀರ್ ಉಜ್ಜಿ ಉಜ್ಜಿ ಅದನ್ ನಿಲ್ಸತ್ತ್. ಆಕಾಶದಗೆ ನೀರ್ ಇಲ್ಲೆ, ಗಾಳಿ ಇಲ್ಲೆ, ಉಜ್ಜುಕ್ ಯಾರೂ ಇಲ್ಲೆ. ಒಂದ್ ಸರ್ತಿ ಹೊರಟದ್ದ್ ಹೋಯ್ತಾ ಇರತ್ತ್. ಸೂರ್ಯನ್ ಕೆಲ್ಸ ದೂಡುದಲ್ಲ, ದಾರಿ ಬಗ್ಗಿಸುದ್ ಮಾತ್ರ."

ಇವರು ಲೋಟವನ್ನು ಬೋಟಿನಂತೆ ಮೆಲ್ಲಗೆ ಜಾರಿಸಿ ನೋಡಿ "ಅದೂ ಹೌದ್" ಎಂದರು. ಇಷ್ಟು ವರ್ಷದಲ್ಲಿ ನನ್ನ ಯಾವ ಮಾತನ್ನೂ ಅವರು ಹಾಗೆ ಪರೀಕ್ಷಿಸಿ ನೋಡಿದ್ದಿಲ್ಲ.

ಒಂದು ಭಾನುವಾರ ಮರವಂತೆಯ ಕಡಲ ದಂಡೆಗೆ ಹೋಗಿದ್ದೆವು. ಪ್ರಣತಿ ಆಗ ನಾಲ್ಕನೇ ಕ್ಲಾಸು. ಅತ್ತಿಗೆ ಇವರ ಅಂಗಡಿಯಿಂದ ಬಲೆಗೆ ಕಟ್ಟುವ ಸೀಸದ ಗುಂಡು ತಂದು, ಅದಕ್ಕೆ ಬಲೆಯ ನೂಲು ಕಟ್ಟಿ, ತಲೆಯ ಮೇಲೆ ಬರ್ರನೆ ತಿರುಗಿಸಿದರು.

"ಹ್ವಾಯ್, ಎಲ್ಲರೂ ಹೇಳಿ ಕಾಂಬ. ಗುಂಡ್ ಕಡಲ್ ಬದಿಗ್ ಬಂದಾಗ ಬಿಟ್ರೆ ಎಲ್ಲಿಗ್ ಹೋತ್ತ್?"

"ನಾ ಹೇಳುದಿಲ್ಲೆ. ಕಡಿಗ್ ಇಬ್ರೂ ಸೇರಿ ನಗಾಡ್ತ್ರಿ" ಎಂದರು ಇವರು.

ನಾನು ಎಸೆಸೆಲ್ಸಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಮಾರ್ಕು ತೆಗೆದವಳು. ಮಗಳ ಎದುರು ಒಮ್ಮೆಯಾದರೂ ಉತ್ತರ ಹೇಳಬೇಕೆಂದು ಆಸೆಯಾಯಿತು. "ನಮ್ಮಿಂದ ದೂರ, ನೇರ ಕಡಲಿಗೆ" ಎಂದೆ. ಪ್ರಣತಿ ಸ್ವಲ್ಪ ಯೋಚಿಸಿ, "ದಂಡೆ ಬದಿಗೇ ಹೋತ್ತ್, ಉದ್ದಕ್ಕೆ" ಎಂದಳು.

ಅತ್ತಿಗೆ ಬಿಟ್ಟರು. ಗುಂಡು ಕಡಲಿನ ಕಡೆ ತಿರುಗಿಯೂ ನೋಡದೆ ದಂಡೆಯುದ್ದಕ್ಕೆ ಹಾರಿ, ದೂರದ ಒದ್ದೆ ಮರಳಿನಲ್ಲಿ ಹೂತುಹೋಯಿತು.

"ನೂಲ್ ಎಳಿತಾ ಇದ್ದದ್ದ್ ಒಳಗೆ. ಗುಂಡಿಗ್ ಹೋಯ್ಕ್ ಅಂತ ಇದ್ದದ್ದ್ ನೇರ. ಎರ್ಡೂ ಸೇರಿ ಉರುಟಾಯ್ತ್. ನೂಲ್ ಬಿಟ್ಟದ್ದೇ ಅದ್ರ ಬುದ್ಧಿ ಅದಕ್ಕ್ ಬಂತ್. ಈಗ್ ಸೂರ್ಯ ಮಾಯ ಆರೆ ಭೂಮಿದೂ ಇದೇ ಅವಸ್ಥೆ. ಹೊರಗೆ ಹಾರುದಲ್ಲ, ಇದ್ದ ಬದಿಗ್ ನೇರ ಹೋಪುದ್."

ಪ್ರಣತಿ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದಳು. "ಅಮ್ಮ, ನಿಂಗ್ ಗೊತ್ತಿಲ್ಲೆ ಅಲ್ದಾ? ಅಡ್ಡಿಲ್ಲೆ."

ಆ "ಅಡ್ಡಿಲ್ಲೆ" ಈಗಲೂ ನನ್ನ ಕಿವಿಯಲ್ಲಿದೆ. ಅವಳು ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕನಿಕರಪಟ್ಟಳು.

ಅತ್ತಿಗೆಯ ಬಗ್ಗೆ ಇನ್ನೊಂದು ಹೇಳಲೇಬೇಕು. ವಿಜ್ಞಾನವನ್ನು ಯಾರಾದರೂ ನೀತಿಪಾಠಕ್ಕೆ ಎಳೆದರೆ ಅವರಿಗೆ ಮೈ ಉರಿಯುತ್ತಿತ್ತು. ಶಿಕ್ಷಕರ ದಿನಾಚರಣೆಯಲ್ಲಿ ಅವರಿಗೆ ಶಾಲು ಹೊದೆಸಿದಾಗ ಅತಿಥಿಯೊಬ್ಬರು ಭಾಷಣದಲ್ಲಿ, ಗುರು ಸೂರ್ಯನಂತೆ, ಶಿಷ್ಯರು ಗ್ರಹಗಳಂತೆ ಎಂದು ಹೇಳಿದರಂತೆ. ಅತ್ತಿಗೆ ಮೈಕು ಸಿಕ್ಕಿದ ಕೂಡಲೇ, "ಗ್ರಹ ಸೂರ್ಯನ ಹತ್ತಿರ ಯಾವತ್ತೂ ಬಂದು ಮುಟ್ಟುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ನನ್ನ ಮಕ್ಕಳು ಪಾಸಾಗಿ ಹೋಗಬೇಕು. ಸುತ್ತುತ್ತ ಇದ್ದರೆ ಫೇಲ್ ಅಂತ ಅರ್ಥ" ಎಂದು ಕೂತರಂತೆ. ಇದನ್ನು ಮನೆಯಲ್ಲಿ ನಟಿಸಿ ತೋರಿಸುವಾಗ ಪ್ರಣತಿ ನಕ್ಕು ನಕ್ಕು ನೆಲದ ಮೇಲೆ ಹೊರಳಿದಳು.

ನಾನೂ ಒಮ್ಮೆ ಸಿಕ್ಕಿಬಿದ್ದೆ. ಸೂರ್ಯನ ಹತ್ತಿರ ಇರುವ ಬುಧ ಎಲ್ಲರಿಗಿಂತ ಜೋರಾಗಿ ಓಡಬೇಕು, ಇಲ್ಲದಿದ್ದರೆ ಆ ಎಳೆತಕ್ಕೆ ಒಳಗೇ ಬೀಳುತ್ತಾನೆ. ದೂರದ ಶನಿಗೆ ಎಳೆತ ಕಮ್ಮಿ, ನಿಧಾನ ಹೋದರೂ ನಡೆಯುತ್ತದೆ ಎಂದು ಅತ್ತಿಗೆ ಮಗಳಿಗೆ ವಿವರಿಸುತ್ತಿದ್ದರು. ದೋಸೆ ಕಾವಲಿಯ ಮುಂದೆ ಬೆವರುತ್ತಿದ್ದ ನಾನು, "ಹಾಂಗಾರೆ ಈ ಮನಿಯಂಗೆ ನಾನೇ ಬುಧ ಅತ್ತಿಗೆ. ಬೆಂಕಿ ಹತ್ರ, ಓಡುದ್ ಹೆಚ್ಚ್" ಎಂದೆ. ಅದು ಚೆನ್ನಾಗಿದೆ ಎಂದೇ ನನಗೆ ಅನ್ನಿಸಿತ್ತು.

"ಬುಧ ದೋಸೆ ಹುಯ್ಯುದಿಲ್ಲೆ ವೀಣಾ" ಎಂದರು ಅತ್ತಿಗೆ. "ದೋಸಿಗೆ ದೋಸಿ ಅಂದೇಳ್, ಬುಧನಿಗ್ ಬುಧ ಅಂದೇಳ್. ಸುಸ್ತಾರೆ ಸುಸ್ತಾಯ್ತ್ ಅಂದೇಳ್, ನಾ ಹುಯ್ತೆ."

ಹುಯ್ಯಲಿಕ್ಕೆ ಬಂದರು ಕೂಡ. ಎಲ್ಲ ದೋಸೆ ಹರಿಯಿತು. ಆ ಹರಿದ ದೋಸೆಗಳನ್ನು ಅಪ್ಪ ಮಗಳು ಹಬ್ಬದಂತೆ ತಿಂದರು.

ಪ್ರಣತಿ ಎಸೆಸೆಲ್ಸಿ ಮುಗಿಸಿದ ವರ್ಷ ಅತ್ತಿಗೆಗೆ ಬ್ರಹ್ಮಾವರದ ಕಾಲೇಜಿಗೆ ವರ್ಗವಾಯಿತು. ಬೆಳಗಿನ ಸ್ಪೆಷಲ್ ಕ್ಲಾಸು ಇದ್ದುದರಿಂದ ಅಲ್ಲೇ ಬಾಡಿಗೆ ಮನೆ ಮಾಡಿದರು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವರ ಕೋಣೆಯನ್ನು ಗುಡಿಸಿ ಒರೆಸುವಾಗ ಹಾಡು ಗುನುಗುತ್ತಿದ್ದೆ. ಆ ವಾರವೇ ಮಗಳು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಅಮ್ಮ, ನಾನ್ ಪಿಯುಸಿ ಬ್ರಹ್ಮಾವರದಗೆ ಮಾಡ್ತೆ. ಅತ್ತೆ ಒಟ್ಟಿಗೆ ಇರ್ತೆ."

ಕುಂದಾಪುರದಲ್ಲಿ ಕಾಲೇಜು ಇಲ್ಲವೇ ಎಂದೆ. ಇದೆ, ಆದರೆ ಅಲ್ಲಿ ಅತ್ತೆ ಇಲ್ಲ ಎಂದಳು. ಇವರು "ನಿಂಗ್ಳೇ ತೀರ್ಮಾನ ಮಾಡ್ಕಣಿ" ಎಂದು ಅಂಗಡಿಗೆ ನಡೆದರು. ಅತ್ತಿಗೆಗೆ ಫೋನು ಹೋಯಿತು. ಅವರು ಒಂದೇ ಮಾತು ಹೇಳಿದ್ದು: "ಅಮ್ಮ ಬಾಯಿ ಬಿಟ್ಟ್ ಹೋಗ್ ಅಂದೇಳ್ಕ್. ಇಲ್ದಿರೆ ಬಪ್ಪುದ್ ಬೇಡ."

ತೀರ್ಮಾನವೆಲ್ಲ ನನ್ನ ನಾಲಿಗೆಯ ಮೇಲೆ ಬಂದು ಕೂತಿತು. ನಾನು ಹೇಳಲಿಲ್ಲ. ಶನಿವಾರ ಅತ್ತಿಗೆಯೇ ಹೆಮ್ಮಾಡಿಗೆ ಬಂದು, ಅಡುಗೆಮನೆಯ ಮೆಟ್ಟುಕತ್ತಿಯ ಮೇಲೆ ಕೂತು ನನಗೆ ಕಾಯಿ ತುರಿದುಕೊಡತೊಡಗಿದರು. ಹುಡುಗಿಯ ವಿಷಯ ಎತ್ತಲೇ ಇಲ್ಲ. ಅದಕ್ಕೇ ನನಗೆ ಸಿಟ್ಟು ಬಂತು. ನಮ್ಮಲ್ಲಿ ಬಳಿ ಎನ್ನುವ ಕುಲದ ಹೆಸರು ತಾಯಿಯಿಂದ ಬರುತ್ತದೆ. ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು, ತಂದೆಯದಕ್ಕಲ್ಲ. ಅದನ್ನೇ ಎತ್ತಿಕೊಂಡೆ.

"ಪ್ರಣತಿ ನನ್ನ ಬಳಿಯವ್ಳ್ ಅತ್ತಿಗೆ. ನಿಮ್ದಲ್ಲ."

ಮೆಟ್ಟುಕತ್ತಿಯ ಶಬ್ದ ನಿಂತಿತು. ಅತ್ತಿಗೆ ಕಾಯಿಯ ಹೋಳನ್ನು ತಿರುಗಿಸಿ ನೋಡಿದರು.

"ಹೌದ್. ನಂದ್ ನನ್ನೊಟ್ಟಿಗೇ ಮುಗಿತ್ತ್. ನಾನ್ ಅವ್ಳನ್ ಕುಲಕ್ಕ್ ಕರ್ದದ್ದಲ್ಲ ಮಾರಾಯ್ತಿ, ಫಿಸಿಕ್ಸಿಗ್ ಕರ್ದದ್ದ್." ಮತ್ತೆ ತುರಿಯತೊಡಗಿದರು. "ನೀನ್ ಬೇಡ ಅಂದ್ರೂ ನಂಗ್ ಬೇಜಾರಿಲ್ಲೆ. ಆರೆ ಹೇಳ್. ಹೇಳ್ದೆ ಇಟ್ಕಣ್ಬೇಡ. ಹುಡ್ಗಿ ಉಂಬುದಿಲ್ಲೆ."

ಹುಡುಗಿ ಉಣ್ಣುತ್ತಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಬಟ್ಟೆಯನ್ನು ಬ್ಯಾಗಿಗೆ ತುಂಬುವುದು, ನನ್ನ ಹೆಜ್ಜೆ ಕೇಳಿದರೆ ಮತ್ತೆ ಕಪಾಟಿಗೆ ಇಡುವುದು, ಅದೂ ಗೊತ್ತಿತ್ತು. ಅದು ಅತ್ತಿಗೆಗೆ ಹೇಗೆ ಗೊತ್ತಾಯಿತು ಎಂದು ಇನ್ನಷ್ಟು ಉರಿಯಿತು. ಮರುದಿನ ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತ, ಅವಳ ಮುಖ ಕಾಣದ ಹಾಗೆ ಹಿಂದೆ ಕೂತು, "ಹೋಗ್" ಎಂದೆ. ಅರ್ಧ ಜಡೆಯಲ್ಲೇ ಎದ್ದು ಓಡಿದಳು. ನನ್ನನ್ನು ತಬ್ಬಿಕೊಳ್ಳಲು ಅಲ್ಲ, ಅತ್ತೆಗೆ ಫೋನು ಮಾಡಲು.

ಆಮೇಲೆ ಪ್ರತಿ ಭಾನುವಾರ ನಾನು ಬ್ರಹ್ಮಾವರಕ್ಕೆ ಹೋಗುತ್ತಿದ್ದೆ, ಸ್ಟೀಲಿನ ಕ್ಯಾರಿಯರಿನಲ್ಲಿ ಅಡುಗೆ ಕಟ್ಟಿಕೊಂಡು. ಸಾಸ್ತಾನದ ಟೋಲ್ ಗೇಟಿನಲ್ಲಿ ಡ್ರೈವರು ಒಮ್ಮೆಲೇ ಬ್ರೇಕು ಹಾಕಿ ಸಾರು ನನ್ನ ಸೀರೆಗೆ ಚೆಲ್ಲಿದ್ದುಂಟು. ಕ್ಯಾರಿಯರು ನಿಂತಿತು, ಸಾರು ನಿಲ್ಲಲಿಲ್ಲ. ಅಲ್ಲೂ ಅವರದೇ ಪಾಠ. ಮನೆ ಮುಟ್ಟಿದರೆ ಇಬ್ಬರೂ ನೆಲದ ಮೇಲೆ ಕಾಗದ ಹರಡಿಕೊಂಡು, ಧೂಮಕೇತು ಸೂರ್ಯನ ಹತ್ತಿರ ಬಂದಷ್ಟೂ ಯಾಕೆ ವೇಗ ಏರುತ್ತದೆ, ಅಷ್ಟು ಜೋರಾಗಿ ಬೀಳುವ ವಸ್ತು ಸೂರ್ಯನಿಗೆ ಬಡಿಯದೆ ಹೇಗೆ ಸುತ್ತುಹೊಡೆದು ಮರಳಿ ಹೋಗುತ್ತದೆ ಎಂದು ಗೆರೆ ಎಳೆಯುತ್ತಿರುವರು. ಏನೋ ಹೇಳಿಕೊಂಡು ನಗುವರು. ನಾನು ಬಂದದ್ದು ಕಂಡು, ನಗು ನಿಲ್ಲಿಸಿ, ಅದನ್ನು ನನಗೆ ವಿವರಿಸುವರು. ವಿವರಿಸಿಕೊಂಡ ಮೇಲೆ ನಗುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ನಾನು ನಕ್ಕು, ಸೆರಗು ಸಿಕ್ಕಿಸಿ, ಅವರ ಸಿಂಕಿನಲ್ಲಿದ್ದ ಪಾತ್ರೆ ತೊಳೆಯಲು ಹೋಗುತ್ತಿದ್ದೆ. ಅಲ್ಲಿಂದ ಇಬ್ಬರ ಬೆನ್ನು ಕಾಣುತ್ತಿತ್ತು. ಮಗಳು ಕೂರುವ ರೀತಿ, ಪೆನ್ನಿನ ತುದಿಯಿಂದ ತಲೆ ಕೆರೆದುಕೊಳ್ಳುವ ರೀತಿ, ಎಲ್ಲ ಅವರದ್ದೇ ಆಗಿತ್ತು.

ಎರಡನೆಯ ವರ್ಷದ ಮಳೆಗಾಲದ ಒಂದು ಭಾನುವಾರ ಅತ್ತಿಗೆ ನನ್ನನ್ನು ಬಸ್ಸು ಹತ್ತಿಸಲು ಕೊಡೆ ಹಿಡಿದು ಬಂದರು. ಕೊಡೆ ಪೂರ್ತಿ ನನ್ನ ಕಡೆಗೇ ವಾಲಿತ್ತು. ಅವರ ಎಡ ಹೆಗಲು ಒದ್ದೆಯಾಗಿತ್ತು. ಬಸ್ಸು ಕಂಡಾಗ ಹೇಳಿದರು: "ಬಪ್ಪು ವಾರ ಬರ್ಬೇಡ ವೀಣಾ. ಹುಡ್ಗಿಗ್ ಪರೀಕ್ಷೆ ಇತ್ತ್. ನೀನ್ ಬಂದ್ರೆ ಅವ್ಳ್ ಓದುದಿಲ್ಲೆ, ಮಾತಾಡ್ತ್ಳ್."

ನನ್ನ ಮಗಳನ್ನು ನೋಡಲು ನಾನು ಬರಬಾರದು! ಕಿಟಕಿಯಿಂದ ಕೈ ಬೀಸಲೂ ಇಲ್ಲ. ಹೆಮ್ಮಾಡಿ ಬರುವವರೆಗೂ ಮನಸ್ಸಿನಲ್ಲೇ ಉತ್ತರ ಕೊಡುತ್ತ ಬಂದೆ. ಒಂದಕ್ಕಿಂತ ಒಂದು ಒಳ್ಳೆಯ ಉತ್ತರ.

ಯಾವುದನ್ನೂ ಕೊಡಲಾಗಲಿಲ್ಲ. ಆ ವಾರವೇ ಅತ್ತಿಗೆ ಕಾಲೇಜಿನ ವರಾಂಡದಲ್ಲಿ ನಡೆಯುತ್ತಿದ್ದಂತೆ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು.

ನಮ್ಮಲ್ಲಿ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಅತ್ತಿಗೆಯ ಚಿಕ್ಕಮ್ಮ ಬೈಂದೂರಿನಿಂದ ಬಂದು ಎಲ್ಲವನ್ನೂ ನಡೆಸುತ್ತಿದ್ದರು. ಎಲೆ ಹಾಕಿಸಿ ಕೇಳಿದರು, "ಗುಲಾಬಿಗ್ ಎಂತೆಲ್ಲ ಇಷ್ಟ ಇತ್ತ್? ಹೇಳಿ ಕಾಂಬ."

ಇವರು "ಅಕ್ಕಂಗ್ ಮೀನ್ ಇಷ್ಟ" ಎಂದರು. "ಯಾವ್ ಮೀನ್?" ಎಂದರೆ ಮಗಳ ಮುಖ ನೋಡಿದರು. ಚಿಕ್ಕಮ್ಮ ಪ್ರಣತಿಯ ಕಡೆ ತಿರುಗಿದರು. ಒಂದು ವರ್ಷಕ್ಕೂ ಮೇಲೆ ಅತ್ತೆಯ ಜೊತೆ ಒಬ್ಬಳೇ ಕೂತು ಉಂಡವಳು. ಅತ್ತೂ ಅತ್ತೂ ಅವಳ ಕಣ್ಣು ಬಾತಿತ್ತು. "ಅತ್ತೆ ಎಂತ ಕೊಟ್ರೂ ತಿಂತಿದ್ರ್" ಎಂದಳು. ಮತ್ತೆ ಯೋಚಿಸಿ, "ನಂಗ್ ಗೊತ್ತಿಲ್ಲೆ" ಎಂದಳು.

"ಬಂಗುಡೆ" ಎಂದೆ ನಾನು. "ಇವತ್ತ್ ಮಾಡಿದ್ದಲ್ಲ, ನಿನ್ನೆದನ್ ಕುದ್ಸಿ ಬತ್ತಿಸಿದ್ದ್. ಬಾಲದ್ ತುಂಡ್. ಅನ್ನ ಪಾತ್ರದ ಅಡಿ ಹಿಡ್ದದ್ದ್. ಒಂದ್ ಹಸಿಮೆಣ್ಸ್, ಉಪ್ಪ್ ಬದಿಯಂಗೆ, ಮೇಲೆ ಹಾಕುಕಿಲ್ಲೆ. ಹಪ್ಪಳ ಸುಟ್ಟದ್ದ್, ಕರ್ದದ್ದ್ ಬೇಡ. ಬಾಳೆಹಣ್ಣಿನ ಹಲ್ವ ಎಲ್ಲರ್ ಎದ್ರ್ ಬೇಡ ಅಂತಿದ್ರ್. ಕಡಿಗ್ ಡಬ್ಬಿಯಿಂದ ತೆಗುದ್ ತಿಂತಿದ್ರ್."

ಡಬ್ಬಿಯ ಮುಚ್ಚಳ ಶಬ್ದವಾಗದಿರಲೆಂದು ನಾನು ಅದನ್ನು ಸಡಿಲವಾಗಿ ಇಡುತ್ತಿದ್ದುದನ್ನು ಹೇಳಲಿಲ್ಲ.

"ನೀನೇ ಬಡ್ಸ್ ಮಗಾ" ಎಂದರು ಚಿಕ್ಕಮ್ಮ. ಕೇಳುವ ಮೊದಲೇ ಮಾಡಿಟ್ಟಿದ್ದನ್ನೆಲ್ಲ ತಂದು ನಾನು ಬಡಿಸಿದೆ. ಒಂದೊಂದನ್ನೂ ಅದರದರ ಜಾಗದಲ್ಲಿ. ಬಾಗಿಲು ಎಳೆದು ಎಲ್ಲರೂ ಹೊರಗೆ ಬಂದೆವು. ಪ್ರಣತಿ ನನ್ನ ಪಕ್ಕಕ್ಕೆ ಬಂದು ನಿಂತಳು.

"ಅಮ್ಮ, ಇಷ್ಟೆಲ್ಲ ನಿಂಗ್ ಹ್ಯಾಂಗ್ ಗೊತ್ತ್?"

"ಕಾಣ್ತಾ ಇದ್ದೆ."

ಯಾವುದನ್ನು, ಯಾಕೆ ಎಂದು ಅವಳು ಕೇಳಲಿಲ್ಲ. ಹೊಟ್ಟೆಕಿಚ್ಚಿನಷ್ಟು ಸೂಕ್ಷ್ಮವಾಗಿ ಪ್ರೀತಿಯೂ ನೋಡುವುದಿಲ್ಲ ಎಂದು ನಾನೂ ಹೇಳಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಕಣ್ಣು ಅರಳಿಸಿ, ಬಾಯಿ ಕೊಂಚ ತೆರೆದು. ಆ ನೋಟ ಇಷ್ಟು ವರ್ಷ ಯಾರ ಕಡೆಗೆ ಹೋಗುತ್ತಿತ್ತೋ ನನಗೆ ಗೊತ್ತು.

"ಇನ್ನೂ ಹೇಳ್ ಅಮ್ಮ. ಅತ್ತೆದ್."

ಹೇಳಿದೆ. ಅವರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದದ್ದು, ಗುಡುಗಿದರೆ ಮಾತ್ರ ಹೆದರುತ್ತಿದ್ದದ್ದು. ಅವಳು ನನ್ನ ತೋಳಿಗೆ ಒರಗಿ ಕೇಳಿದಳು. ಅವಳಿಗೆ ಬೇಕಾಗಿದ್ದದ್ದು ಅತ್ತಿಗೆ, ನಾನಲ್ಲ. ಅದು ನನಗೆ ಚೆನ್ನಾಗಿ ತಿಳಿದಿತ್ತು. ಚಿಕ್ಕಮ್ಮ ಬಾಗಿಲು ತೆರೆಯಲು ಎದ್ದಾಗ, "ಮತ್ತೆ?" ಎಂದಳು.

"ಇವತ್ತಿಗ್ ಸಾಕ್" ಎಂದೆ.

ಅವಳು ಈಗ ಬ್ರಹ್ಮಾವರದ ಹಾಸ್ಟೆಲಿನಲ್ಲಿದ್ದಾಳೆ. ಶನಿವಾರ ಬರುತ್ತಾಳೆ, ಬಂದವಳು ಬ್ಯಾಗಿಟ್ಟು ನೇರ ಅಡುಗೆಮನೆಗೇ ಬರುತ್ತಾಳೆ. ಅತ್ತಿಗೆಯ ಬಗ್ಗೆ ನನಗೆ ಗೊತ್ತಿರುವುದು ಇನ್ನೂ ಎಷ್ಟೋ ಇದೆ. ಎಲ್ಲವನ್ನೂ ಒಂದೇ ಸಲ ಹೇಳಿ ಮುಗಿಸುವುದಿಲ್ಲ.